ಗಡಿಯಾರದ ಬಡಗಿ ಜಾನ್ ಹ್ಯಾರಿಸನ್

ನಮ್ಮ ಮೂಡಿಗೆರೆ, ಕಳಸದ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಮನೆಯ ಕದಗಳು ಉಬ್ಬಿ ಮುಚ್ಚಲೊಲ್ಲವು. ಗೋಡೆಯ ಲೋಲಕದ ಗಡಿಯಾರವೂ ಹೊತ್ತು ತಪ್ಪುವದುಂಟು. ಆಗ ಅದನ್ನು ಪೇಟೆಗೆ ಒಯ್ದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ರಿಪೇರಿಯವನ ಮುಂದೆ ಇಡುತ್ತೇವೆ. ಚಳಿ, ಸೆಕೆ, ತೇವ, ಗಟ್ಟಿಯಾದ ಎಣ್ಣೆ, ಈ ನಾಲ್ಕು ವೈರಿಗಳೊಡನೆ ಆಯುಷ್ಯವೆಲ್ಲ ಹೋರಾಡಿದ ಒಬ್ಬನ ಚರಿತ್ರೆಯನ್ನು ಈ ಸಾರಿ ಹೇಳುವೆವು.

ಜಾನ್ ಹ್ಯಾರಿಸನ್ ಎಂಬವನು 1693ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ ಬಡಗಿಯ ಮಗನಾಗಿ ಹುಟ್ಟಿದನು. ಬಾರೋ ಎಂಬ ಹಳ್ಳಿಯಲ್ಲಿ ಬೆಳೆದು ತಂದೆಯ ಕಸುಬನ್ನೇ ಹಿಡಿದನು. ಅಲ್ಲಿಯ ದೇವಾಲಯದ ಗಂಟೆಗಳನ್ನು ಶ್ರುತಿಗೂಡಿಸುವದೂ ಹಾಡುವವರನ್ನು ನಡಿಸುವದೂ ಅವನ ಪಾಲಿಗಿತ್ತು. ಒಬ್ಬ ಪಾದ್ರಿಯವರು ಎರವಲು ಕೊಟ್ಟ ಪ್ರಕೃತಿಶಾಸ್ತ್ರದ ಉಪನ್ಯಾಸಗಳನ್ನು ತನ್ನ ಕೈಯಿಂದಲೇ ಬರೆದುಕೊಂಡು ಕಲಿತನು. ಅವನ ಮೊದಲ ಗಡಿಯಾರಗಳ ಚಕ್ರಗಳು ಮರದವು. ತಿರುಗುವ ಕಡೆಗಳಲ್ಲಿ ತಾನೇ ಜಿಡ್ಡು ಬಿಡುವ ಒಂದು ಮರವನ್ನು ಹಾಕಿದ್ದರಿಂದ ಎಣ್ಣೆಯೇ ಬೇಡವಾಯಿತು. ಸೆಕೆಗೆ ಲೋಲಕದ ಸರಳು ನೀಳವಾಗಿ ಗಡಿಯಾರ ನಿಧಾನವಾಗುವದಷ್ಟೆ. ಹಿತ್ತಾಳೆಯು ಉಕ್ಕಿಗಿಂತ ಹೆಚ್ಚು ಹಿಗ್ಗುವದನ್ನು ಕಂಡು ಎರಡರ ಸರಳುಗಳನ್ನೂ ಒಂದರ ಹಿಗ್ಗನ್ನು ಇನ್ನೊಂದು ಕಳೆಯುವಂತೆ ಜೋಡಿಸಿದನು.

ಆಗಿನ ನಾವಿಕರಿಗೆ ತಾವು ಮೂಡಲಿಗೆ ಅಥವಾ ಪಡುವಲಿಗೆ ಎಷ್ಟು ದೂರ ಬಂದೆವೆಂಬದು ತಿಳಿಯುತ್ತಿರಲಿಲ್ಲ. ಭೂಮಿಯು 4 ನಿಮಿಷಕ್ಕೆ ಒಂದು ಅಂಶ ತಿರುಗುವದರಿಂದ ಊರೂರಿಗೆ ನಡುಹಗಲು ಬೇರೆ. ಕಳಸದಲ್ಲಿ ಸೂರ್ಯನು ನೆತ್ತಿಗೆ ಬರುವಾಗ ನಮ್ಮ ದೇಶದ ಗಡಿಯಾರವು ಸರಾಸರಿಯಲ್ಲಿ 12 ದಾಟಿ 28 ನಿಮಿಷವಾಗಿರುತ್ತದೆ. ಹೊರಟ ಬಂದರಿನ ಹೊತ್ತನ್ನು ತಪ್ಪದೆ ತೋರಿಸುವ ಗಡಿಯಾರ ಹಡಗಿನಲ್ಲಿದ್ದರೆ ದೂರವನ್ನು ಎಣಿಸಬಹುದು. ಅದಿಲ್ಲದ ಕಾಲದಲ್ಲಿ, 1707ರಲ್ಲಿ, ಇಂಗ್ಲೆಂಡಿನ ನಾಲ್ಕು ಯುದ್ಧದ ಹಡಗುಗಳು ದಾರಿ ತಿಳಿಯದೆ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಸಾವಿರಕ್ಕೂ ಹೆಚ್ಚು ಜನರು ಸತ್ತರು. 1714ರಲ್ಲಿ ಪಾರ್ಲಿಮೆಂಟು 20,000 ಪೌಂಡುಗಳ ಬಹುಮಾನವನ್ನು ಸಾರಿತು.

ಹ್ಯಾರಿಸನನು ಒಂದಾದ ಮೇಲೊಂದು ಮೂರು ದೊಡ್ಡ ಯಂತ್ರಗಳನ್ನು ಕಟ್ಟಿದನು. ಮೂರನೆಯದಕ್ಕೇ ಸುಮಾರು 19 ವರುಷ ಹಿಡಿಯಿತು. ತನಗೇ ತೃಪ್ತಿಯಾಗದೆ, 1759ರಲ್ಲಿ ಅಂಗೈಯಗಲದ ಒಂದು ಗಡಿಯಾರವನ್ನು ಮುಗಿಸಿದನು. 1761ರಲ್ಲಿ ಮಗನಾದ ವಿಲಿಯಮನು ಅದನ್ನು ಜಮೇಕಕ್ಕೆ ಒಯ್ದನು. 81 ದಿನಗಳಲ್ಲಿ ಅದು ಹಿಂದೆ ಬಿದ್ದದ್ದು ಸುಮಾರು 5 ಸೆಕೆಂಡು ಮಾತ್ರ!

ಆದರೂ ಹಣ ಕೈಗೆ ಬರಲಿಲ್ಲ. ತೀರ್ಪಿನ ಮಂಡಳಿಯು ಇದು ಅದೃಷ್ಟವೆಂದು ಶಂಕಿಸಿತು. ಅದರಲ್ಲಿ ಆಮೇಲೆ ಸೇರಿದ ಖಗೋಳಜ್ಞ ಮಾಸ್ಕಲೀನನು ಚಂದ್ರನನ್ನು ನೋಡಿ ಎಣಿಸುವ ಬೇರೆ ಉಪಾಯದ ಪಕ್ಷದವನು. ಪ್ರತಿಪಕ್ಷದವನನ್ನು ನ್ಯಾಯಪೀಠದಲ್ಲಿ ಕೂರಿಸಿದ್ದು ನಮಗೆ ಸರಿಯೆನಿಸದು. 1765ರಲ್ಲಿ ಮುದುಕನು ಪರೀಕ್ಷಕರ ಮುಂದೆ ತನ್ನ ಗಡಿಯಾರವನ್ನು ಬಿಚ್ಚಿ, ಒಂದೊಂದು ಭಾಗವನ್ನೂ ವಿವರಿಸಬೇಕಾಯಿತು. ಆಗ ಸಿಕ್ಕಿದ್ದು ಅರ್ಧ ಬಹುಮಾನದವರೆಗೆ ಮಾತ್ರ. ಮರುವರುಷ ಯಂತ್ರಗಳನ್ನು ಒಯ್ಯಲು ಬಂದ ಆಳುಗಳು ಮೊದಲನೆಯದನ್ನು ಕೆಡವಿಬಿಟ್ಟರು. ಕಡೆಗೆ 1772ರಲ್ಲಿ ಮೂರನೆಯ ಜಾರ್ಜ್ ಅರಸನು ಅವನ ಇನ್ನೊಂದು ಗಡಿಯಾರವನ್ನು ತಾನೇ ಪರೀಕ್ಷಿಸಿದನು. 1773ರಲ್ಲಿ ಪಾರ್ಲಿಮೆಂಟು 8,750 ಪೌಂಡುಗಳನ್ನು ಕೊಟ್ಟಾಗ ಅವನಿಗೆ 80 ವರುಷ.

ಅಷ್ಟರಲ್ಲಿ ಕಪ್ತಾನ ಕುಕ್ಕನು ಆ ನಾಲ್ಕನೆಯ ಗಡಿಯಾರದ ನಕಲನ್ನು ಹಡಗಿನಲ್ಲಿಟ್ಟುಕೊಂಡು ದಕ್ಷಿಣ ಸಮುದ್ರಗಳಿಗೆ ಹೊರಟಿದ್ದನು. 1775ರಲ್ಲಿ ಅದನ್ನು ಹೊಗಳುತ್ತಾ ಹಿಂದಿರುಗಿದನು. ಹ್ಯಾರಿಸನನು 1776ರ ಮಾರ್ಚ್ 24ರಂದು ತೀರಿಕೊಂಡನು. ಅವನ ಮೂರು ದೊಡ್ಡ ಯಂತ್ರಗಳು ಇಂದಿಗೂ ಗ್ರೀನಿಚ್‌ನಲ್ಲಿ ನಡೆಯುತ್ತಿವೆ. ನಾಲ್ಕನೆಯದಕ್ಕೆ ಎಣ್ಣೆ ಬೇಕು. ಓಡಿಸಿದರೆ ಸವೆದೀತೆಂದು ಅದನ್ನು ನಿಲ್ಲಿಸಿಟ್ಟಿದ್ದಾರೆ.