ಊರ ಕಲ್ಲುಗಳ ಹೆಸರು ಬರೆದಿಟ್ಟ ಬಿ.ಎಲ್. ರೈಸ್

ಊರ ಕೆರೆ ಏರಿ, ಗುಡಿಯಂಗಳ, ಹೊಲದ ಬದುಗಳಲ್ಲಿ ನಿಂತ ವೀರಗಲ್ಲುಗಳನ್ನು ಊರಿಗೆ ಹೋದಾಗ ನಾವೆಲ್ಲ ಕಂಡವರೇ. ದನ ಕದ್ದವರನ್ನು ಬೆನ್ನಟ್ಟಿ ಮಡಿದವನ, ಊರು ಕಾಯುತ್ತ ಸತ್ತವನ ನೆನಪಿಗೆ ನೆಟ್ಟ ಕಲ್ಲುಗಳಿವು. ಅವುಗಳ ಮೇಲಿನ ಬರಹವನ್ನು ಹಳ್ಳಿ ಹಳ್ಳಿಯಿಂದ ಸಂಗ್ರಹಿಸಿ ಅಚ್ಚು ಹಾಕಿಸಿದ ಮಹನೀಯರು ಬೆಂಜಮಿನ್ ಲೂಯಿಸ್ ರೈಸ್.

1837ರ ಜುಲೈ 17ರಂದು ಬೆಂಗಳೂರಿನಲ್ಲೇ ಜನಿಸಿದ ರೈಸ್ ಅವರ ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಹುಟ್ಟೂರಿಗೆ ಮರಳಿ ಶಾಲೆಯ ಮುಖ್ಯಸ್ಥರಾದರು. ನಂತರ ಮೈಸೂರು, ಕೊಡಗು ಸೀಮೆಗಳ ಶಾಲಾ ತನಿಖಾಧಿಕಾರಿ. ತನಿಖೆಗೆಂದು ಹಳ್ಳಿ ಸುತ್ತುವಾಗ ಶಾಸನಗಳು ಕಣ್ಣಿಗೆ ಬಿದ್ದವು. ಪ್ರವಾಸ ಭತ್ಯೆ ಬರೆದು ಮನೆ ಸೇರುವ ಅಧಿಕಾರಿಗಳೇ ಹೆಚ್ಚು. ರೈಸ್ ಆ ಜಾತಿಯವರಲ್ಲ.

1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ಎಪಿಗ್ರಾಫಿಯಾ ಕರ್ನಾಟಿಕಾ 12 ಸಂಪುಟಗಳಿಗೆ ಬೆಳೆಯಿತು. ಸುಮಾರು 9 ಸಾವಿರ ಶಾಸನಗಳು! ಪ್ರತಿಯೊಂದಕ್ಕೂ ತಾಲೂಕುವಾರು ಕ್ರಮಸಂಖ್ಯೆ, ಊರ ಹೆಸರು, ಕಲ್ಲು ಎಲ್ಲಿ ನಿಂತಿದೆ ಎಂಬ ವಿವರ. ಚೊಕ್ಕಟವಾದ ಲೆಡ್ಜರಿನ ಹಾಗೆ. ಅದರಲ್ಲಿ ರಾಜರಷ್ಟೇ ಅಲ್ಲ, ಹೆಸರು ಕೇಳರಿಯದ ಊರಗೌಡ, ಬಂಟ, ಸಹಗಮನ ಮಾಡಿದ ಹೆಂಡತಿ, ಶ್ರವಣಬೆಳಗೊಳದಲ್ಲಿ ಉಪವಾಸದಿಂದ ದೇಹ ತೊರೆದ ಜೈನ ಮುನಿಗಳೂ ಸೇರಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಒಂದು ನಾಯಿಯದು. ಸುಮಾರು 950ರಲ್ಲಿ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಾಡಿ ಅದರೊಂದಿಗೇ ಸತ್ತಿತು. ಒಡೆಯ ಮಣಲೇರ ಕಲ್ಲು ನಿಲ್ಲಿಸಿದ. ಅದಕ್ಕೆ ಪೂಜೆ ಸಲ್ಲಿಸದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುತ್ತದೆಂದೂ ಬರೆಸಿದ.

ಎಲ್ಲವೂ ರೈಸ್ ಅವರೊಬ್ಬರ ಕೈಗೆ ಸಿಗಲಿಲ್ಲ, ನಿಜ. 1889ರ ಶ್ರವಣಬೆಳಗೊಳ ಸಂಪುಟದಲ್ಲಿದ್ದದ್ದು 144 ಶಾಸನ. ಅವರಿಗೆ ಸಹಾಯಕರಾಗಿದ್ದು ಮುಂದೆ ಅದೇ ಹುದ್ದೆಗೇರಿದ ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿ, 1927ರಲ್ಲಿ ನಿಧನರಾದರು.

ಅವರು ಬೆಂಗಳೂರು ಜಿಲ್ಲೆಯ ಸಂಪುಟ ಹೊರತಂದದ್ದು 1905ರಲ್ಲಿ. ಆಗಿನ ಹಳ್ಳಿಗಳು ಇಂದು ಬಡಾವಣೆಗಳು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಶಾಸನಾಸಕ್ತರು ಆ ಸಂಪುಟ ಹಿಡಿದು ಗಲ್ಲಿ ಗಲ್ಲಿ ಅಲೆದು ಕಲ್ಲು ಹುಡುಕುತ್ತಿದ್ದಾರೆ. ಕೆಲವು ಸಿಕ್ಕಿವೆ. ಹಲವು ರಸ್ತೆ, ಕಟ್ಟಡಗಳ ಪಾಲಾಗಿವೆ. ಅವುಗಳಲ್ಲಿ ಏನು ಬರೆದಿತ್ತು, ಯಾರ ಹೆಸರಿತ್ತು ಎಂಬುದು ರೈಸ್ ಅವರ ಪುಟಗಳಲ್ಲಿ ಮಾತ್ರ ಉಳಿದಿದೆ.