ಡಿಶ್ ನೋಡದೇ ಹೋದ ಸಾರಾಭಾಯ್

ಹೋದ ಮಳೆಗಾಲದಲ್ಲಿ ಬಾಣಸವಾಡಿಯ ನಮ್ಮ ಮನೆ ಟೆರೇಸ್ ಮೇಲಿನ ಡಿಶ್ ಗಾಳಿಗೆ ತಿರುಗಿಬಿಟ್ಟಿತ್ತು. ನಾನು ಮೇಲೆ ಸ್ಪ್ಯಾನರ್ ಹಿಡ್ಕೊಂಡು, ಅಪ್ಪ ಕೆಳಗೆ ಟಿವಿ ಮುಂದೆ ಕೂತು ಸಿಗ್ನಲ್ ಎಷ್ಟು ಅಂತ ಫೋನಲ್ಲಿ ಹೇಳ್ತಾ, ಒಂದು ಗಂಟೆ ಹೋಯ್ತು. 60 ಸೆಂಟಿಮೀಟರ್ ಡಿಶ್‌ನ ಬೀಮ್ ಅಗಲ ಸುಮಾರು ಮೂರೇ ಡಿಗ್ರಿ. ಒಂದೂವರೆ ಡಿಗ್ರಿ ಆಚೀಚೆ ಆದ್ರೆ ಅರ್ಧ ಪವರ್ ಹೋಯ್ತು ಅಂತಲೇ ಲೆಕ್ಕ. ಈ ಡಿಶ್ ಪೇಟೆ ಮನೆಗಳಿಗಿಂತ ಮುಂಚೆ ಹಳ್ಳಿಗೆ ಬರಬೇಕು ಅಂತ ಹಟ ಹಿಡಿದವರೊಬ್ಬರಿದ್ದರು.

ವಿಕ್ರಂ ಸಾರಾಭಾಯ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ಗಿರಣಿ ಮಾಲೀಕರ ಮನೆಯಲ್ಲಿ. ಕೇಂಬ್ರಿಜ್‌ಗೆ ಓದಲು ಹೋದರು. ಎರಡನೇ ಮಹಾಯುದ್ಧ ಶುರುವಾಗಿ ವಾಪಸ್ ಬಂದಾಗ ನಮ್ಮ ಐಐಎಸ್‌ಸಿ ಸೇರಿ, ಸಿ.ವಿ. ರಾಮನ್ ಕೈಕೆಳಗೆ ಕಾಸ್ಮಿಕ್ ಕಿರಣಗಳ ಸಂಶೋಧನೆ ಮಾಡಿದರು. 1947ರಲ್ಲಿ ಪಿಎಚ್‌ಡಿ, ಅದೇ ವರ್ಷ ಅಹಮದಾಬಾದಿನಲ್ಲಿ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ. 1963ರಲ್ಲಿ ತುಂಬಾದಿಂದ ಮೊದಲ ರಾಕೆಟ್. ಇಷ್ಟು ಕ್ವಿಜ್‌ನಲ್ಲಿ ಬರುತ್ತೆ.

ಬರದೇ ಇರೋದು ಟಿವಿ ಕಥೆ. ಆಗ ದೇಶದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಟವರ್ ಮೇಲೆ ಟವರ್ ಕಟ್ಟುತ್ತಾ ಹೋದರೆ ಹಳ್ಳಿಯ ಸರದಿ ಬರೋದು ಕೊನೆಗೆ. ಸಾರಾಭಾಯ್ ಇದನ್ನು ಉಲ್ಟಾ ಮಾಡಿದರು: ಟ್ರಾನ್ಸ್‌ಮಿಟರ್ ಆಕಾಶದಲ್ಲಿದ್ದರೆ ಹಳ್ಳಿಗೂ ದೆಹಲಿಗೂ ದೂರ ಹೆಚ್ಚುಕಮ್ಮಿ ಒಂದೇ. 1967ರಲ್ಲಿ ದೆಹಲಿ ಸುತ್ತಲಿನ 80 ಹಳ್ಳಿಗಳಲ್ಲಿ ಟಿವಿ ಇಟ್ಟು ಕೃಷಿ ಕಾರ್ಯಕ್ರಮ ತೋರಿಸಿ ನೋಡಿದ್ದಾಯ್ತು. 1969ರಲ್ಲಿ ನಾಸಾ ಜೊತೆ ಒಪ್ಪಂದ ಆಯ್ತು. ಉಪಗ್ರಹ ಒಂದು ವರ್ಷಕ್ಕೆ ಅವರದು, ನೆಲದ ಮೇಲಿನ ಉಪಕರಣ, ಕಾರ್ಯಕ್ರಮ ಎಲ್ಲ ನಮ್ಮದು. ಬಡ ದೇಶಕ್ಕೆ ರಾಕೆಟ್ ಯಾಕೆ ಅಂತ ಕೇಳುವವರಿಗೆ ಅವರ ಉತ್ತರ ಇದೇ ಆಗಬೇಕಿತ್ತು.

1971ರ ಡಿಸೆಂಬರ್ 30. ಕೋವಳಂನಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಬರೀ 52 ವರ್ಷ.

ಕೆಲಸ ಸತೀಶ್ ಧವನ್ ಕೈಗೆ ಬಂತು. ಸೈಟ್ ಅನ್ನೋ ಆ ಪ್ರಯೋಗ 1975ರ ಆಗಸ್ಟ್ 1ಕ್ಕೆ ಶುರುವಾಯ್ತು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಬೆಂಗಳೂರಲ್ಲ, ಗಮನಿಸಿ.

ಇಸಿಇ ಓದೋ ನನಗೆ ತುಂಬ ಇಷ್ಟವಾಗೋದು ಆ ಡಿಶ್. 3 ಮೀಟರ್ ಅಗಲ, ಮೈಯೆಲ್ಲ ಕೋಳಿಗೂಡಿಗೆ ಹಾಕೋ ತಂತಿ ಜಾಲರಿ! ಸಿಗ್ನಲ್ 860 ಮೆಗಾಹರ್ಟ್ಸ್, ಅಂದ್ರೆ ತರಂಗಾಂತರ ಸುಮಾರು 35 ಸೆಂಟಿಮೀಟರ್. ಅದರ ಮುಂದೆ ಜಾಲರಿ ತೂತು ಇದ್ದೂ ಇಲ್ಲದ ಹಾಗೆ. ಗಾಳಿ ಮಾತ್ರ ಆ ತೂತಲ್ಲೇ ಹಾದು ಹೋಗುತ್ತೆ. ಬೀಮ್ ಅಗಲ ಲೆಕ್ಕ ಹಾಕಿದ್ರೆ ಎಂಟು ಡಿಗ್ರಿ ಬರುತ್ತೆ, ಒಂದೆರಡು ಡಿಗ್ರಿ ತಪ್ಪಿದರೂ ಚಿತ್ರ ಬರುತ್ತೆ. ಉಪಗ್ರಹ ಎಟಿಎಸ್-6 ನಿಂತಿದ್ದು ಆಫ್ರಿಕಾದ ಮೇಲೆ, 35 ಡಿಗ್ರಿ ಪೂರ್ವದಲ್ಲಿ. ಹಾಗಾಗಿ ರಾಯಚೂರಿನ ಡಿಶ್‌ಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದವು.

1976ರ ಜುಲೈ 31ಕ್ಕೆ ವರ್ಷ ಮುಗೀತು, ನಾಸಾ ತನ್ನ ಉಪಗ್ರಹವನ್ನು ವಾಪಸ್ ತಗೊಂಡು ಹೋಯ್ತು. 1982ರಲ್ಲಿ ಹೋದ ನಮ್ಮ ಇನ್ಸಾಟ್-1ಎ ಕೆಟ್ಟಿತು. ಇನ್ಸಾಟ್-1ಬಿ ಮೇಲೆ ಹೋಗಿದ್ದು 1983ರಲ್ಲಿ, ಸಾರಾಭಾಯ್ ಹೋಗಿ ಹನ್ನೆರಡನೇ ವರ್ಷ.