ಗೋಪಿನಾಥಂನ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್

ಕಾವೇರಿಯ ದಡದ ಕಾಡಿನಂಚಿನಲ್ಲಿರುವ ಗೋಪಿನಾಥಂ ಗ್ರಾಮದಲ್ಲಿ ಒಂದು ಮಾರಿಯಮ್ಮನ ಗುಡಿಯುಂಟು. ಅಲ್ಲಿ ದೇವಿಯ ಜೊತೆಗೆ ಒಬ್ಬ ಅರಣ್ಯಾಧಿಕಾರಿಯ ಭಾವಚಿತ್ರಕ್ಕೂ ಊರವರು ಕೈಮುಗಿಯುತ್ತಾರೆ. ಆ ಅಧಿಕಾರಿ ಆ ಊರಿನವರಲ್ಲ, ಆ ಭಾಷೆಯವರಲ್ಲ, ಆ ರಾಜ್ಯದಲ್ಲಿ ಹುಟ್ಟಿದವರೂ ಅಲ್ಲ. ಅವರು ಆ ಊರಿಗೆ ಬಂದದ್ದು ಅಲ್ಲಿನವನೇ ಆದ ಒಬ್ಬ ಅಪರಾಧಿಯನ್ನು ಹುಡುಕಿಕೊಂಡು. ಭಕ್ತಿಯಿಂದಲ್ಲ, ಕಾನೂನಿನ ಕೆಲಸಕ್ಕಾಗಿ ಬಂದವರ ಚಿತ್ರ ಗುಡಿಯೊಳಗೆ ಸೇರಿದ ಬಗೆಯೇ ಪಂಡಿಲ್ಲಪಲ್ಲಿ ಶ್ರೀನಿವಾಸ್ ಅವರ ಜೀವನಕಥೆ.

ಶ್ರೀನಿವಾಸ್ ಜನಿಸಿದ್ದು 1954ರ ಸೆಪ್ಟೆಂಬರ್ 12ರಂದು, ಗೋದಾವರಿ ತೀರದ ರಾಜಮಹೇಂದ್ರವರದಲ್ಲಿ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು, 1979ರ ತಂಡದಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆಯಾಗಿ ಕರ್ನಾಟಕಕ್ಕೆ ನಿಯುಕ್ತರಾದರು. ಅವರ ಬಾಲ್ಯ ಮತ್ತು ವಿದ್ಯಾಭ್ಯಾಸದ ವಿವರಗಳಿಗಿಂತ, ಅವರು ಬಂದು ಸೇರಿದ ನೆಲದ ವಿವರವೇ ಇಲ್ಲಿ ಮುಖ್ಯ.

ಆ ನೆಲ ಗಡಿಯ ನೆಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಬಳಿಕ ಮೈಸೂರಿಗೆ ಬಂದಿತು. ಅದೇ ಜಿಲ್ಲೆಯ ತಾಳವಾಡಿ ಮಾತ್ರ ಕನ್ನಡದ ಜನರನ್ನು ಉಳಿಸಿಕೊಂಡು ಆಚೆಯೇ ಉಳಿಯಿತು. ಹೀಗಾಗಿ ತಾಳವಾಡಿಯಲ್ಲಿ ಕನ್ನಡಿಗರು ತಮಿಳುನಾಡಿನ ಪ್ರಜೆಗಳಾದರು. ಗೋಪಿನಾಥಂನಲ್ಲಿ ತಮಿಳು ನುಡಿಯುವವರು ಕರ್ನಾಟಕದ ಪ್ರಜೆಗಳಾದರು. ಸರ್ವೇ ಕಲ್ಲುಗಳು ಕಾಡಿನ ನಡುವೆ ಹಾದುಹೋದವು. ಆದರೆ ಆನೆಯ ದಾರಿಯಾಗಲಿ, ಶ್ರೀಗಂಧದ ಬೇರಾಗಲಿ, ಕಳ್ಳಸಾಗಣೆಯ ಜಾಡಾಗಲಿ ಆ ಕಲ್ಲುಗಳನ್ನು ಗಣಿಸಲಿಲ್ಲ. ಒಂದು ರಾಜ್ಯದ ಸಿಬ್ಬಂದಿ ಬೆನ್ನಟ್ಟಿದರೆ ಇನ್ನೊಂದು ರಾಜ್ಯದ ಕಾಡಿಗೆ ದಾಟಿಕೊಳ್ಳುವುದು ಕಳ್ಳರಿಗೆ ಒಂದು ಗುಡ್ಡ ಇಳಿದಷ್ಟು ಸುಲಭವಾಗಿತ್ತು.

ಅರಣ್ಯಾಪರಾಧದ ತನಿಖೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದ ವಿದ್ಯೆ. ಕೊಲೆಯಾದಲ್ಲಿ ದೂರು ಕೊಡಲು ಬಂಧುಗಳಿರುತ್ತಾರೆ, ಕಳವಾದಲ್ಲಿ ಒಡೆಯನಿರುತ್ತಾನೆ. ಕಾಡಿನಲ್ಲಿ ಸತ್ತ ಆನೆಯ ಪರವಾಗಿ ಠಾಣೆಗೆ ಬರುವವರಾರೂ ಇಲ್ಲ. ಕೊಳೆತ ಕಳೇಬರ, ದಂತಕ್ಕಾಗಿ ಕೊಯ್ದ ಮುಖ, ಮಾಂಸದೊಳಗೆ ಸಿಕ್ಕ ನಾಡಬಂದೂಕಿನ ಗುಂಡು: ಇವಿಷ್ಟೇ ಸಾಕ್ಷಿ. ಶ್ರೀಗಂಧದ ಮರವನ್ನಂತೂ ಕಡಿಯುವುದಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾರೆ; ಎಣ್ಣೆ ಹೆಚ್ಚಾಗಿರುವುದು ಬೇರಿನಲ್ಲಿ ಮತ್ತು ಚೇಗಿನಲ್ಲಿ. ಉಳಿಯುವುದು ಒಂದು ಗುಂಡಿ ಮತ್ತು ಸುತ್ತ ಚೆಲ್ಲಿದ ಬಿಳಿಯ ಚಕ್ಕೆ. ಆ ಗುಂಡಿಯನ್ನು ಅಳೆದು, ಪಂಚರ ಎದುರು ಮಹಜರು ಬರೆದು, ಸಿಕ್ಕ ತುಂಡುಗಳನ್ನು ಜಪ್ತಿ ಮಾಡಿ, ಕಡಿದ ಕೂಲಿಯಿಂದ ಹೊತ್ತವನಿಗೆ, ಹೊತ್ತವನಿಂದ ಲಾರಿಗೆ, ಲಾರಿಯಿಂದ ಕೊಂಡವನಿಗೆ ಎಳೆ ಹಿಡಿದು ಹೋಗಬೇಕು. ಎಳೆ ಬಹುಮಟ್ಟಿಗೆ ಮೊದಲ ಕೂಲಿಯಲ್ಲೇ ಕಡಿದುಹೋಗುತ್ತದೆ.

ಶ್ರೀಗಂಧವನ್ನು ಟಿಪ್ಪು ಸುಲ್ತಾನನು 1792ರಲ್ಲಿ ರಾಜವೃಕ್ಷವೆಂದು ಸಾರಿದ್ದನು. ಆ ಏಕಸ್ವಾಮ್ಯ ಅರಸರ ಕಾಲ ದಾಟಿ ಪ್ರಜಾಸರ್ಕಾರಕ್ಕೂ ಬಂದು, 2001ರ ತಿದ್ದುಪಡಿಯವರೆಗೆ ಮುಂದುವರಿಯಿತು. ತನ್ನ ಹಿತ್ತಿಲಿನ ಗಂಧದ ಮರವೂ ತನ್ನದಲ್ಲವೆಂಬ ಅರಿವಿನಲ್ಲಿ ಬೆಳೆದ ರೈತನಿಗೆ ಆ ಮರವನ್ನು ಕಾಯುವ ಆಸಕ್ತಿ ಹುಟ್ಟದಿದ್ದುದು ಸಹಜವೇ. ಆನೆಯ ವಿಷಯ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅದು 1977ರಲ್ಲಿ ಮೊದಲನೆಯ ಅನುಸೂಚಿಗೇರಿತು. 1986ರ ತಿದ್ದುಪಡಿ ಭಾರತೀಯ ದಂತದ ವ್ಯಾಪಾರವನ್ನೇ ನಿಷೇಧಿಸಿತು. ಏಷ್ಯಾದ ಆನೆಗಳಲ್ಲಿ ಉದ್ದ ದಂತವಿರುವುದು ಗಂಡಿಗೆ ಮಾತ್ರ. ಆದ್ದರಿಂದ ದಂತಚೋರರ ಕಾಲದಲ್ಲಿ ಹಿಂಡುಗಳಲ್ಲಿ ಸಲಗಗಳು ವಿರಳವಾಗಿ, ಹೆಣ್ಣಾನೆಗಳ ಎಣಿಕೆಗೆ ಗಂಡಿನ ಎಣಿಕೆ ತೀರ ಕುಗ್ಗಿತು. ಜೀವವಿಜ್ಞಾನ ಓದಿದ ಅಧಿಕಾರಿಗೆ ಇದು ಬರಿಯ ಕಳವಿನ ಮೊಕದ್ದಮೆಯಾಗಿ ಕಾಣುವಂತಿರಲಿಲ್ಲ. ಒಂದು ಕುಲದ ಮುಂದಿನ ತಲೆಮಾರುಗಳ ಪ್ರಶ್ನೆಯಾಗಿತ್ತು.

ಚಾಮರಾಜನಗರದ ಉಪ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಶ್ರೀನಿವಾಸ್ ಅವರ ಕೈಗೆ ಗೋಪಿನಾಥಂನ ವೀರಪ್ಪನ್ ಸಿಕ್ಕಿದ್ದು 1986ರಲ್ಲಿ. ಆಗ ಅವನ ಹೆಸರು ನಾಡಿಗೆಲ್ಲ ಗೊತ್ತಿರಲಿಲ್ಲ. ಅರಣ್ಯ ಇಲಾಖೆಯ ಕಡತಗಳಲ್ಲಿ ಅವನು ದಂತ ಮತ್ತು ಗಂಧದ ಕಳ್ಳರಲ್ಲೊಬ್ಬ. ಆದರೆ ಅವನೇ ಆ ಜಾಲದ ನಡುಗಂಟು ಎಂಬುದನ್ನು ಶ್ರೀನಿವಾಸ್ ಬೇಗ ಗ್ರಹಿಸಿದ್ದರು. ಬಂದಿಯನ್ನು ಬೂದಿಪಡಗದ ಅರಣ್ಯ ಅತಿಥಿಗೃಹದಲ್ಲಿರಿಸಿ ವಿಚಾರಣೆ ನಡೆಸಲಾಯಿತು. ಶ್ರೀನಿವಾಸ್ ಅಲ್ಲಿಲ್ಲದ ಹೊತ್ತಿನಲ್ಲಿ ಅವನು ತಪ್ಪಿಸಿಕೊಂಡನು. ಆ ಒಂದು ರಾತ್ರಿಯ ಬೆಲೆಯನ್ನು ಎರಡು ರಾಜ್ಯಗಳು ಮುಂದಿನ ಹದಿನೆಂಟು ವರ್ಷ ತೆತ್ತವು. ಶ್ರೀನಿವಾಸ್ ಅವರ ಪಾಲಿಗಂತೂ ಅದು ಮುಗಿಯದೆ ಉಳಿದ ಕೆಲಸವಾಯಿತು.

1990ರಲ್ಲಿ ವೀರಪ್ಪನ್‌ನ ಬೇಟೆಗೆಂದು ವಿಶೇಷ ಕಾರ್ಯಪಡೆ ರಚನೆಯಾದಾಗ ಶ್ರೀನಿವಾಸ್ ಅದರಲ್ಲಿ ಸೇರಿದರು. ಅಷ್ಟು ಹೊತ್ತಿಗೆ ಅರಣ್ಯ ಮತ್ತು ಪೊಲೀಸ್ ಸಿಬ್ಬಂದಿಯ ಕೊಲೆಗಳಾಗಿದ್ದವು. ಬಂದೂಕಿಗೆ ಬಂದೂಕೇ ಉತ್ತರವೆಂಬ ಮನೋಭಾವ ಬಲಿತಿತ್ತು. ಶ್ರೀನಿವಾಸ್ ಹಿಡಿದ ದಾರಿ ಅದಲ್ಲ. ಅವರು ಗೋಪಿನಾಥಂನಲ್ಲಿಯೇ ತಳವೂರಿದರು. ಅವರ ತರ್ಕ ತನಿಖಾಧಿಕಾರಿಯ ತರ್ಕವೇ ಆಗಿತ್ತು: ಕಾಡಿನಲ್ಲಿರುವವನಿಗೆ ಅಕ್ಕಿ, ಉಪ್ಪು, ಸುದ್ದಿ ಹೋಗುವುದು ಊರಿನಿಂದ, ಮರ ಕಡಿಯುವ ಕೈ ಸಿಗುವುದೂ ಊರಿನಿಂದ. ಊರೇ ಬೆನ್ನು ತಿರುಗಿಸಿದರೆ ಕಾಡು ಅವನಿಗೆ ಬರಿದಾಗುತ್ತದೆ. ಆದರೆ ಊರು ಬೆನ್ನು ತಿರುಗಿಸಬೇಕಾದರೆ, ಅಲ್ಲಿಯವರೆಗೆ ಸರ್ಕಾರವೆಂದರೆ ಲಾಠಿ ಮತ್ತು ದಂಡವೆಂದಷ್ಟೇ ಕಂಡಿದ್ದ ಜನಕ್ಕೆ ಸರ್ಕಾರದ ಇನ್ನೊಂದು ಮುಖ ಕಾಣಬೇಕಿತ್ತು.

ಹೀಗೆ ಆ ಊರಿಗೆ ಔಷಧೋಪಚಾರ ಬಂದಿತು, ಕುಡಿಯುವ ನೀರಿನ ಏರ್ಪಾಡಾಯಿತು. ಶಿಥಿಲವಾದ ನಂಟನ್ನು ಕೂಡಿಸುವಂತೆ ಮಾರಿಯಮ್ಮನ ಗುಡಿ ಎದ್ದಿತು. ಅದಕ್ಕೆ ಶ್ರೀನಿವಾಸ್ ತಮ್ಮ ಕೈಯ ಹಣವನ್ನೇ ಹಾಕಿದರು. ಗುಡಿ ಕಟ್ಟಿಸುವುದು ಉಪ ಅರಣ್ಯ ಸಂರಕ್ಷಣಾಧಿಕಾರಿಯ ಕರ್ತವ್ಯಗಳ ಪಟ್ಟಿಯಲ್ಲಿಲ್ಲ. ಆದರೂ ಕಾಡಂಚಿನ ಹಳ್ಳಿಯನ್ನು ಬಲ್ಲವರಿಗೆ ಗೊತ್ತು, ದೇವಿಯ ಮುಂದೆ ಆಡಿದ ಮಾತಿಗೆ ಅಲ್ಲಿ ಮುಚ್ಚಳಿಕೆಗಿಂತ ತೂಕ ಹೆಚ್ಚು.

ಫಲವೂ ಕಂಡಿತು. ವೀರಪ್ಪನ್‌ನ ಜೊತೆಯಲ್ಲಿದ್ದ ಕೆಲವರು ಒಬ್ಬೊಬ್ಬರಾಗಿ ಶರಣಾದರು. ಅವನ ತಮ್ಮ ಅರ್ಜುನನ್ ಕೂಡ ಶ್ರೀನಿವಾಸ್ ಅವರ ಮುಂದೆಯೇ ಬಂದು ಶರಣಾದನು. ನಾಯಕನ ಸುತ್ತಲಿನ ವೃತ್ತ ಕಿರಿದಾಗುತ್ತಿತ್ತು. ಇದನ್ನು ಶ್ರೀನಿವಾಸ್ ಎಷ್ಟು ಸ್ಪಷ್ಟವಾಗಿ ಕಂಡರೋ ವೀರಪ್ಪನ್ ಕೂಡ ಅಷ್ಟೇ ಸ್ಪಷ್ಟವಾಗಿ ಕಂಡಿರಬೇಕು. ತನ್ನ ಮೇಲೆ ಗುಂಡು ಹಾರಿಸುವ ಪೊಲೀಸರಿಗಿಂತ ತನ್ನ ಊರನ್ನು ಗೆದ್ದುಕೊಳ್ಳುತ್ತಿದ್ದ ಈ ಅಧಿಕಾರಿ ಅವನಿಗೆ ಹೆಚ್ಚಿನ ಅಪಾಯವಾಗಿದ್ದರು.

1991ರ ನವೆಂಬರ್‌ನಲ್ಲಿ ಅರ್ಜುನನ್ ಮೂಲಕ ಒಂದು ಸಂದೇಶ ಬಂದಿತು: ವೀರಪ್ಪನ್ ಶರಣಾಗಲು ಸಿದ್ಧ, ಶ್ರೀನಿವಾಸ್ ಆಯುಧವಿಲ್ಲದೆ ಬರಬೇಕು. ಇಲ್ಲಿ ಅವರ ವಿವೇಚನೆಯನ್ನು ಪ್ರಶ್ನಿಸುವವರು ಇಂದಿಗೂ ಇದ್ದಾರೆ. ಐದು ವರ್ಷಗಳ ಹಿಂದೆ ಕೈಯಿಂದ ಜಾರಿಹೋದವನ ಮಾತನ್ನು ನಂಬಬಾರದಿತ್ತು ಎನ್ನುವುದು ಸರಿಯಾದ ಮಾತೇ. ಆದರೆ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಮೊದಲು ಶರಣಾದವರೆಲ್ಲರೂ ಬಂದದ್ದು ಇಂಥದೇ ನಂಬಿಕೆಯ ಮೇಲೆ. ಅಧಿಕಾರಿಯ ಮಾತನ್ನು ಅವರು ನಂಬಿದ್ದರು; ಪೊಲೀಸರ ಪಡೆ ಕಟ್ಟಿಕೊಂಡು ಹೋಗಿದ್ದರೆ ಆ ಮಾತು ಅಲ್ಲಿಗೇ ಮುರಿಯುತ್ತಿತ್ತು. ಒಂದು ವರ್ಷಕ್ಕೂ ಮೀರಿ ಕಟ್ಟಿದ್ದನ್ನು ಕೊನೆಯ ಹೆಜ್ಜೆಯಲ್ಲಿ ಕೆಡವಲು ಅವರಿಗೆ ಮನಸ್ಸು ಬರಲಿಲ್ಲ. ಅದು ಎಚ್ಚರದ ಲೋಪವಾಗಿರಬಹುದು, ಮೂರ್ಖತನವೆನ್ನುವುದು ಅನ್ಯಾಯ.

ಶ್ರೀನಿವಾಸ್ ಬರಿಗೈಯಲ್ಲಿ ಕಾಡಿನೊಳಗೆ ನಡೆದರು. ನವೆಂಬರ್ 10ರಂದು ಎರಕೆಯಂ ಬಳಿ, ಹೊಂಚು ಹಾಕಿ ಕುಳಿತಿದ್ದ ವೀರಪ್ಪನ್‌ನ ಕಡೆಯವರು ಅವರನ್ನು ಗುಂಡಿಟ್ಟು ಕೊಂದರು. ಕೊಂದವರು ರುಂಡವನ್ನು ಕತ್ತರಿಸಿ ಒಯ್ದರು. ಅದು ದೊರೆತದ್ದು ಮೂರು ವರ್ಷಗಳ ಮೇಲೆ. ಆಗ ಶ್ರೀನಿವಾಸ್ ಅವರಿಗೆ ಮೂವತ್ತೇಳು ವರ್ಷ. 1992ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರವನ್ನು ನೀಡಿತು. ಶಾಂತಿಕಾಲದ ಶೌರ್ಯಕ್ಕೆ ಸಲ್ಲುವ ಎರಡನೆಯ ಅತ್ಯುನ್ನತ ಗೌರವವದು; ಅರಣ್ಯ ಸೇವೆಯವರ ಪಾಲಿಗೆ ಅಪರೂಪದ್ದು.

ಆ ಬಳಿಕ ಊರಿನೊಳಗೆ ಹೋಗಿ ಕೂರುವ ದಾರಿಯನ್ನು ಹಿಡಿದವರು ಕಡಿಮೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸ್ಫೋಟಿಸಿ 22 ಮಂದಿ ಸತ್ತರು. ಕಾರ್ಯಾಚರಣೆ ಕಠೋರವಾಯಿತು, ಎರಡೂ ರಾಜ್ಯಗಳ ಕಾಡಂಚಿನ ಹಳ್ಳಿಗಳ ಜನ ಕಳ್ಳನ ಭಯ ಮತ್ತು ಪಡೆಯ ಭಯದ ನಡುವೆ ಸಿಲುಕಿದರು. 2000ದ ಜುಲೈ 30ರ ರಾತ್ರಿ ತಾಳವಾಡಿ ಸೀಮೆಯ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗಲಷ್ಟೇ ಈ ಕಾಡಿನ ಹೆಸರು ಕನ್ನಡದ ಮನೆಮನೆಗಳನ್ನು ಮುಟ್ಟಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ತಮಿಳುನಾಡಿನ ಕಾರ್ಯಪಡೆಯ ಗುಂಡಿಗೆ ಬಲಿಯಾದನು. ಅವನ ಕುರಿತು ಚಲನಚಿತ್ರಗಳು ಬಂದವು, ಪುಸ್ತಕಗಳು ಬಂದವು. ಅವನನ್ನು ಮೊದಲು ಹಿಡಿದವರ ಕುರಿತು ಬಂದದ್ದು ಸ್ವಲ್ಪವೇ.

ಗೋಪಿನಾಥಂ ಈಗ ಹನೂರು ತಾಲ್ಲೂಕಿಗೆ ಸೇರಿದೆ. ಸುತ್ತಲಿನ ಅರಣ್ಯ ಕಾವೇರಿ ವನ್ಯಜೀವಿಧಾಮದ ಭಾಗ. ಒಂದು ಕಾಲಕ್ಕೆ ಹಗಲಿನಲ್ಲಿಯೂ ಅಡ್ಡಾಡಲು ಅಂಜುತ್ತಿದ್ದ ಹಾದಿಗಳಲ್ಲಿ ಈಗ ಪ್ರವಾಸಿಗರು ನಡೆದಾಡುತ್ತಾರೆ. ಶ್ರೀನಿವಾಸ್ ಬಳಸುತ್ತಿದ್ದ ಹಳೆಯ ಜೀಪನ್ನು ಅರಣ್ಯ ಇಲಾಖೆಯವರು ದುರಸ್ತಿ ಮಾಡಿಸಿ, ಬಣ್ಣ ಬಳಿಸಿ ಪ್ರದರ್ಶನಕ್ಕಿರಿಸಿದ್ದಾರೆ. ಅವರು ಬಿದ್ದ ಎರಕೆಯಂನ ಕಾಡಿನಲ್ಲಿ ಒಂದು ಸ್ಮಾರಕವಿದೆ. ಗುಡಿಯಲ್ಲಿ ಮಾರಿಯಮ್ಮನಿಗೆ ಪೂಜೆ ನಡೆದ ಮೇಲೆ ಕೈಮುಗಿದವರು ಭಾವಚಿತ್ರದ ಕಡೆಗೂ ತಿರುಗುತ್ತಾರೆ.